ಅಕ್ಕನ ವಯಸ್ಸಿನ ಲೆಕ್ಕ ಇಟ್ಟವರಿಗೆ

ಮೂರನೇ ಭಾಗ ಬರೆದು ಮುಗಿಯಿತು, ಅಚ್ಚಿಗೂ ಹೋಯಿತು. ಕಾಲವನ್ನು ಹಿಡಿದು ನಿಲ್ಲಿಸಬಲ್ಲ ಹೆಣ್ಣೊಬ್ಬಳ ಕಥೆ ಇಲ್ಲಿಗೆ ಪೂರ್ತಿಯಾಯಿತು. ಪುಸ್ತಕದ ಕೊನೆಯಲ್ಲಿ ವಾಡಿಕೆಯಂತೆ ಒಂದು ಪುಟ ಧನ್ಯವಾದ ಇದೆ. ಆದರೆ ಮೊದಲ ಎರಡು ಭಾಗ ಓದಿ ಅಭಿಪ್ರಾಯ ಬರೆದವರ ಋಣ ಒಂದು ಪುಟದಲ್ಲಿ ತೀರುವಂಥದ್ದಲ್ಲ. ಯಾರ ಮಾತು ಕಥೆಯಲ್ಲಿ ಎಲ್ಲಿ ಹೋಗಿ ಕೂತಿದೆ ಅಂತ ಬಿಡಿಸಿ ಹೇಳಬೇಕು ಅನಿಸಿತು. ಅದಕ್ಕೇ ಈ ಬರಹ.

ಓದಿರದವರಿಗಾಗಿ ಎರಡೇ ಮಾತು. ನಾಯಕಿಯನ್ನು ಕಥೆಯಲ್ಲಿ ಎಲ್ಲರೂ ಅಕ್ಕ ಅಂತಲೇ ಕರೆಯುತ್ತಾರೆ. ಅವಳು ಮನಸ್ಸು ಮಾಡಿದರೆ ಸುತ್ತಲಿನ ಜಗತ್ತು ನಿಧಾನವಾಗುತ್ತದೆ, ಹೆಚ್ಚುಕಡಿಮೆ ನಿಂತೇಬಿಡುತ್ತದೆ. ಅವಳು ಮಾತ್ರ ಓಡಾಡುತ್ತಾಳೆ. ಆದರೆ ಅವಳ ವಯಸ್ಸು ನಿಲ್ಲುವುದಿಲ್ಲ. ಉಳಿದವರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು, ಅವಳಿಗೆ ಒಂದು ಹಗಲು.

ಮೊದಲ ಭಾಗಕ್ಕೆ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದವು 'ಚೆನ್ನಾಗಿದೆ, ಮುಂದಿನದು ಯಾವಾಗ' ಎನ್ನುವಂಥವು. ಬೇಸರದ ದಿನಗಳಲ್ಲಿ ಅವನ್ನೇ ತೆಗೆದು ಓದಿಕೊಂಡಿದ್ದೇನೆ. ಅವುಗಳ ನಡುವೆ ಭೌತಶಾಸ್ತ್ರ ಓದುತ್ತಿರುವ ಒಬ್ಬರ ಪತ್ರ ಬಂತು. ಒಂದೇ ಪ್ರಶ್ನೆ: ಜಗತ್ತು ನಿಧಾನವಾದರೆ ಬೆಳಕೂ ನಿಧಾನವಾಗಬೇಕು ಅಲ್ವಾ? ಹಾಗಾದರೆ ಅಕ್ಕನಿಗೆ ಕಾಣುವುದೇನು?

ಆಮೇಲೆ ಅವರೇ ವಿವರಿಸಿದ್ದರು. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ಸುಮಾರು 400ರಿಂದ 700 ನ್ಯಾನೋಮೀಟರ್. ಅಂದರೆ ಈ ತುದಿಗೂ ಆ ತುದಿಗೂ ಎರಡರಷ್ಟು ಅಂತರವೂ ಇಲ್ಲ. ಜಗತ್ತು ನಿಧಾನವಾಗುತ್ತಾ ಹೋದಂತೆ ಅಕ್ಕನ ಪಾಲಿಗೆ ಆ ಅಲೆ ಉದ್ದವಾಗುತ್ತಾ ಹೋಗುತ್ತದೆ. ಅಲೆ ಎಲ್ಲಕ್ಕಿಂತ ಉದ್ದವಿರುವ ಕೆಂಪು ಮೊದಲು ಮಾಯವಾಗುತ್ತದೆ. ಹಸಿರು ಕೆಂಪಾಗುತ್ತದೆ. ನೀಲಿ ಹಳದಿಯಾಗಿ, ಆಮೇಲೆ ಕೆಂಪಾಗಿ, ಕೊನೆಗೆ ಅದೂ ಇಲ್ಲ. ವೇಗ ಅರ್ಧಕ್ಕೆ ಇಳಿಯುವಷ್ಟರಲ್ಲಿ ದೀಪದ ಬೆಳಕೆಲ್ಲ ಕಣ್ಣಿಂದ ಜಾರಿರುತ್ತದೆ. ಹಗಲಾದರೆ, ಅಲೆ ಚಿಕ್ಕದಾದ್ದರಿಂದ ನಮಗೆ ಕಾಣದ ಸೂರ್ಯನ ಅತಿನೇರಳೆ ಕಿರಣ ಇನ್ನು ಸ್ವಲ್ಪ ದೂರ ಮಂದವಾಗಿ ಜೊತೆ ಬರುತ್ತದೆ. ಮೂರರಲ್ಲಿ ಒಂದು ಪಾಲಿಗೆ ಇಳಿದರೆ ಹಗಲಲ್ಲೂ ಕತ್ತಲು. ಮಾತು ಕೂಡ ಹಾಗೇ. ಅರ್ಧ ವೇಗಕ್ಕೆ ಇಳಿದರೆ ಧ್ವನಿ ಸರಿಯಾಗಿ ಒಂದು ಸ್ಥಾಯಿ ಕೆಳಗೆ ಹೋಗುತ್ತದೆ.

ಇದನ್ನು ಓದಿ ನನಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಸಂತೋಷಕ್ಕೆ! ಎರಡನೇ ಭಾಗದಲ್ಲಿ ಅಕ್ಕ ಕಾಲವನ್ನು ತಡೆಯುವಾಗಲೆಲ್ಲ ಬಣ್ಣಗಳು ಒಂದೊಂದಾಗಿ ಹೋಗುತ್ತವಲ್ಲ, ತೊಟ್ಟಿಲಿನ ಕೂಸಿನ ಅಳು ಗಂಡಸಿನ ನರಳಾಟದಂತೆ ಕೇಳುತ್ತದಲ್ಲ, ಅದು ಆ ಪತ್ರದಿಂದ ಬಂದದ್ದು. ಪತ್ರ ಬರೆದವರೇ, ನಿಮಗೆ ಮೊದಲ ನಮಸ್ಕಾರ.

ಕತ್ತಲಾದ ಮೇಲೆ ಅವಳು ನಡೆಯುವುದು ಹೇಗೆ? ಗಾಳಿಯೂ ನಿಂತಿದ್ದರೆ ಉಸಿರಾಡುವುದು ಹೇಗೆ? ಇದಕ್ಕೆ ದಾರಿ ತೋರಿಸಿದ್ದು ಬೇರೊಬ್ಬ ಓದುಗರು. ಮೊದಲ ಭಾಗದ ಶುರುವಿನಿಂದಲೂ ಅಕ್ಕನ ಕೈಯಲ್ಲಿ ಒಂದು ಲಾಂದ್ರ ಇದೆ. 'ಅವಳ ಕೈಗೆಟುಕುವಷ್ಟು ಜಾಗ ಅವಳ ಕಾಲದಲ್ಲೇ ಇರಲಿ' ಅಂತ ಅವರು ಬರೆದರು. 'ಆಗ ಲಾಂದ್ರ ಉರಿಯುತ್ತದೆ, ಉಸಿರು ಸಿಗುತ್ತದೆ, ಹತ್ತಿರ ಹೋದದ್ದು ಮಾತ್ರ ಕಾಣುತ್ತದೆ.' ಇಡೀ ಎರಡನೇ ಭಾಗ ಈ ನಿಯಮದ ಮೇಲೆ ನಿಂತಿದೆ. ನಿಂತ ಜಗತ್ತಿನಲ್ಲಿ ಅವಳಿಗೆ ಯಾರನ್ನು ನೋಡಬೇಕಾದರೂ ಅವರ ಹತ್ತಿರ ಹೋಗಬೇಕು. ಹತ್ತಿರ ಹೋದರೆ ಅವರೂ ಅವಳ ಕಾಲಕ್ಕೆ ಬಂದುಬಿಡುತ್ತಾರೆ. ಕದ್ದು ನೋಡುವುದು ಇನ್ನು ಆಗದ ಮಾತು.

ಇಷ್ಟೆಲ್ಲ ವಿಜ್ಞಾನ ಕಲ್ಪನೆಯ ಕಥೆಗೆ ಯಾಕೆ ಅಂತ ಕೇಳಿದವರೂ ಇದ್ದಾರೆ. ಪ್ರೀತಿಯಿಂದಲೇ ಕೇಳಿದ್ದಾರೆ. ಮಾಯೆ ಇರುವ ಕಥೆಗೇ ನಿಯಮ ಜಾಸ್ತಿ ಬೇಕು ಅಂತ ನಾನು ನಂಬಿದ್ದೇನೆ. ನಿಯಮ ಇಲ್ಲದಿದ್ದರೆ ಅಕ್ಕನಿಗೆ ಯಾವ ಕಷ್ಟವೂ ಇಲ್ಲ, ನಮಗೆ ಅವಳ ಬಗ್ಗೆ ಆತಂಕವೂ ಇಲ್ಲ. ಅದೂ ಅಲ್ಲದೆ ಕಾಲ ಎಲ್ಲ ಕಡೆ ಒಂದೇ ವೇಗದಲ್ಲಿ ಓಡುವುದಿಲ್ಲ ಎನ್ನುವುದು ಬರೀ ಕಲ್ಪನೆಯಲ್ಲ. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ವಿಜ್ಞಾನಿಗಳು ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿ ಭೂಮಿಯ ಸುತ್ತ ಒಯ್ದು ತಂದು ನೆಲದ ಗಡಿಯಾರಗಳ ಜೊತೆ ಹೋಲಿಸಿದರು. ಸಮಯ ಒಂದೇ ಇರಲಿಲ್ಲ. ನಾವಿರುವ ಜಾಗ ತೋರಿಸುವ ಜಿಪಿಎಸ್ ಉಪಗ್ರಹಗಳ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ 38 ಪಾಲು, ಮುಂದೆ ಓಡುತ್ತದೆ. ಅದನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ಜಾಗದ ಲೆಕ್ಕ ಸುಮಾರು 11 ಕಿಲೋಮೀಟರ್ ತಪ್ಪುವಷ್ಟಾಗುತ್ತದೆ. ನಮ್ಮ ಜೇಬಿನಲ್ಲಿರುವ ಫೋನಿಗೆ ಈ ವಿಷಯ ಗೊತ್ತು. ಅಕ್ಕನ ಕಥೆಗೆ ಗೊತ್ತಿರಬಾರದಾ?

ಇನ್ನು ಅಪ್ಪನ ಅಧ್ಯಾಯ. ಇದರ ಬಗ್ಗೆ ಬಂದಷ್ಟು ಪತ್ರ ಬೇರೆ ಯಾವುದರ ಬಗ್ಗೆಯೂ ಬಂದಿಲ್ಲ.

ಅಪ್ಪನ ಕೊನೆಯ ರಾತ್ರಿ ಅಕ್ಕ ಕಾಲವನ್ನು ತಡೆದು ಹಾಸಿಗೆಯ ಪಕ್ಕ ಕೂರುತ್ತಾಳೆ. ಲಾಂದ್ರದ ಬೆಳಕಿನಲ್ಲಿ ಇಬ್ಬರೂ ಮಾತಾಡುತ್ತಾರೆ. ತಮ್ಮ ಆಗಷ್ಟೇ ಬಾಗಿಲಿಗೆ ಬಂದಿರುತ್ತಾನೆ. ಓದಿ ಕಣ್ಣೀರು ಬಂತು ಅಂದವರು ಬಹಳ ಮಂದಿ. ನನ್ನ ಅಪ್ಪನಿಗೂ ಹೀಗೆ ಒಂದು ರಾತ್ರಿ ಸಿಕ್ಕಿದ್ದರೆ ಅಂತ ಬರೆದವರೂ ಇದ್ದಾರೆ. ಅಂಥ ಒಂದೊಂದು ಪತ್ರವನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಆಮೇಲೆ, ರೋಗಿಗಳ ಆರೈಕೆಯನ್ನೇ ಕೆಲಸವಾಗಿ ಮಾಡಿಕೊಂಡಿರುವ ಒಬ್ಬ ಓದುಗರು ಬರೆದರು. ಚಿಕ್ಕ ಪತ್ರ. ಅಪ್ಪನಿಗೆ ಉಳಿದಿದ್ದ ಉಸಿರು ಅಷ್ಟೇ, ಕಾಲ ತಡೆದರೆ ಅದು ಒಂದೂ ಹೆಚ್ಚಾಗುವುದಿಲ್ಲ ಅಂದರು. ಅಷ್ಟನ್ನೂ ಅಕ್ಕ ಒಬ್ಬಳೇ ತೆಗೆದುಕೊಂಡಳು. ಬಾಗಿಲಲ್ಲಿ ನಿಂತ ತಮ್ಮನ ಕಡೆಯಿಂದ ನೋಡಿ ಅಂದರು. ಅವನು ಒಳಗೆ ಕಾಲಿಡುವಾಗ ಅಪ್ಪ ಇದ್ದರು. ಆ ಹೆಜ್ಜೆ ನೆಲ ಮುಟ್ಟುವಷ್ಟರಲ್ಲಿ ಇರಲಿಲ್ಲ.

ಈ ಮಾತು ಓದುಗರ ನಡುವೆ ದೊಡ್ಡ ಚರ್ಚೆಯನ್ನೇ ಎಬ್ಬಿಸಿತು. ಅಕ್ಕ ಸ್ವಾರ್ಥಿ ಅಂದರು ಕೆಲವರು. ಅಪ್ಪನ ಕೈ ಹಿಡಿದು ಕೂತವಳನ್ನು ಸ್ವಾರ್ಥಿ ಅನ್ನಲು ಬಾಯಿ ಹೇಗೆ ಬರುತ್ತದೆ ಅಂತ ಕೇಳಿದರು ಇನ್ನು ಕೆಲವರು. ತಮ್ಮನ ಕೈಯನ್ನೂ ಹಿಡಿದು ಒಳಗೆ ಎಳೆದುಕೊಳ್ಳಬಹುದಿತ್ತಲ್ಲ ಅಂತ ಒಬ್ಬರು, ಅಷ್ಟು ಯೋಚಿಸುವ ಸ್ಥಿತಿಯಲ್ಲಿ ಅವಳಿದ್ದಳಾ ಅಂತ ಮತ್ತೊಬ್ಬರು. ನನ್ನ ಮನಸ್ಸು ಅಕ್ಕನ ಕಡೆಗೇ ಇದೆ, ಮುಚ್ಚುಮರೆ ಇಲ್ಲ. ಆದರೆ ತಮ್ಮನ ಮಾತು ಕೇಳದೆ ಈ ಕಥೆ ಮುಗಿಯುವ ಹಾಗಿಲ್ಲ ಎನ್ನುವುದು ನಿಮ್ಮಿಂದ ಗಟ್ಟಿಯಾಯಿತು. ಮೂರನೇ ಭಾಗ ಆ ಬಾಗಿಲಿನಿಂದಲೇ, ತಮ್ಮನ ಬಾಯಿಂದಲೇ ಶುರುವಾಗುತ್ತದೆ. ಅವನಿಗೆ ಸಿಟ್ಟಿದೆ. ಆ ಸಿಟ್ಟಿಗೆ ಕಾರಣವೂ ಇದೆ. ಆ ಚಿಕ್ಕ ಪತ್ರ ಬರೆದವರಿಗೆ ಈ ಭಾಗವನ್ನು ಅರ್ಪಿಸಿದ್ದೇನೆ. ಹೆಸರು ಹಾಕಬೇಡಿ ಅಂದಿದ್ದರಿಂದ ಹಾಕಿಲ್ಲ.

ವಯಸ್ಸಿನ ಲೆಕ್ಕದ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಒಬ್ಬ ಓದುಗರು ಎರಡೂ ಭಾಗ ಮತ್ತೆ ಓದಿ, ಅಕ್ಕ ಕಾಲ ತಡೆದ ಒಂದೊಂದು ಸಂದರ್ಭವನ್ನೂ ಪುಟಸಂಖ್ಯೆಯ ಸಮೇತ ಪಟ್ಟಿ ಮಾಡಿ ಕಳಿಸಿದರು. ಕೂಡಿಸಿ ನೋಡಿದರೆ ಅಕ್ಕ ತನ್ನ ಅಮ್ಮನಿಗಿಂತ ದೊಡ್ಡವಳಾಗಿದ್ದಾಳೆ! ಬೇರೇನೂ ಬರೆದಿರಲಿಲ್ಲ, ಆ ಸಾಲಿನ ಕೆಳಗೆ ಒಂದು ಗೆರೆ ಎಳೆದಿದ್ದರು. ಆ ಗೆರೆಯಿಂದ ಹುಟ್ಟಿದ ದೃಶ್ಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಅಮ್ಮ ಮಗಳ ತಲೆ ಬಾಚುತ್ತಿದ್ದಾಳೆ. ಬಾಚಣಿಗೆ ನಿಲ್ಲುತ್ತದೆ. 'ನನ್ನದಕ್ಕಿಂತ ಜಾಸ್ತಿ ಬೆಳ್ಳಗಾಗಿದೆಯಲ್ಲೇ' ಅನ್ನುತ್ತಾಳೆ. ಅಕ್ಕ ಅಲ್ಲಿಯವರೆಗೆ ಅಮ್ಮನಿಗೆ ಏನನ್ನೂ ಹೇಳಿರುವುದಿಲ್ಲ.

ಕಾಲವನ್ನು ಹಿಂದಕ್ಕೆ ತಿರುಗಿಸಿ, ಅಪ್ಪನನ್ನು ಉಳಿಸಿ ಅಂತ ಕೇಳಿಕೊಂಡವರ ಬೇಡಿಕೆ ಮಾತ್ರ ಈಡೇರಿಸಲಿಲ್ಲ. ಹಿಂದಕ್ಕೆ ಹೋಗಿ ಅಜ್ಜನ ಮದುವೆಯನ್ನೇ ತಪ್ಪಿಸಿದರೆ ಹೋದವರು ಹುಟ್ಟಿದ್ದು ಹೇಗೆ ಎನ್ನುವ ಹಳೇ ಒಗಟು ಒಂದು ಕಾರಣ. ಅದಕ್ಕಿಂತ ದೊಡ್ಡದು ಹಿರಿಯ ಓದುಗರೊಬ್ಬರು ನೆನಪಿಸಿದ, ಪುರಾಣದ ಕಕುದ್ಮಿ ರಾಜನ ಕಥೆ. ಮಗಳು ರೇವತಿಗೆ ವರ ಯಾರು ಅಂತ ಕೇಳಲು ಅವನು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಹಾಡು ಮುಗಿಯುವವರೆಗೆ ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿರುತ್ತದೆ. ಮನಸ್ಸಿನಲ್ಲಿಟ್ಟುಕೊಂಡಿದ್ದ ವರರು ಯಾರೂ ಇಲ್ಲ, ಅವರ ಮಕ್ಕಳು ಮೊಮ್ಮಕ್ಕಳೂ ಇಲ್ಲ. ಬ್ರಹ್ಮನೇ ಎದುರಿಗಿದ್ದರೂ ಕಳೆದುಹೋದ ಕಾಲ ವಾಪಸ್ ಸಿಗುವುದಿಲ್ಲ. ಇದ್ದ ಕಾಲಕ್ಕೆ ತಕ್ಕ ವರನನ್ನು, ಬಲರಾಮನನ್ನು, ಬ್ರಹ್ಮ ಸೂಚಿಸುತ್ತಾನೆ. ಆ ಪತ್ರ ಓದಿದ ಮೇಲೆ ಅಕ್ಕನನ್ನು ಹಿಂದಕ್ಕೆ ಕಳಿಸುವ ಯೋಚನೆಯನ್ನೇ ಬಿಟ್ಟೆ.

ಪುಸ್ತಕ ಹಿಡಿಸಲಿಲ್ಲ ಅಂತ ನೇರವಾಗಿ ಬರೆದವರಿಗೂ ಧನ್ಯವಾದ. ಶುರು ಬಹಳ ಎಳೆದಾಟ ಅಂದವರೂ ಕೊನೆಯ ಪುಟದವರೆಗೆ ಓದಿಯೇ ಹೇಳಿದ್ದಾರೆ. ಕಾಗುಣಿತ ತಿದ್ದಿ ಕಳಿಸಿದವರಿಗೆ, ಶಾಲೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ಅಕ್ಕನ ಲಾಂದ್ರದ ಚಿತ್ರ ಬರೆದು ಕಳಿಸಿದ ಮಕ್ಕಳಿಗೆ, ತಾಯಿಗೆ ಓದಿ ಹೇಳುತ್ತಾ ಅವರ ಅಭಿಪ್ರಾಯವನ್ನೂ ಬರೆದುಕೊಂಡು ಕಳಿಸಿದ ಮಗನಿಗೆ, ಎಲ್ಲರಿಗೂ.

ಪುಸ್ತಕ ಕೈಗೆ ಬಂದಾಗ ತಮ್ಮನ ಅಧ್ಯಾಯದ ಬಗ್ಗೆ ಮೊದಲು ಬರೆಯಿರಿ. ಅಕ್ಕನ ಪರವಾಗಿ ವಾದ ಮಾಡಿದವರು ಅದನ್ನು ಓದಿ ಏನು ಹೇಳುತ್ತೀರಿ ಅಂತ ಕೇಳುವ ಆಸೆ ಬಹಳ ಇದೆ.