ಸಂಜೆ ಹೊತ್ತಿನ ಸುಸ್ತನ್ನೂ ಕೇಳಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಆರೋಗ್ಯ ಪುಟದಲ್ಲಿ ಹೆಂಗಸರ ಸುಸ್ತಿನ ಬಗ್ಗೆ ಬಂದ ಲೇಖನ ಓದಿದೆ. ರಕ್ತ ಕಡಿಮೆ ಇರುವುದು, ಥೈರಾಯ್ಡ್, ಶುಗರ್ ಎಲ್ಲ ಅದರಲ್ಲಿತ್ತು. ಮಯಸ್ತೇನಿಯಾ ಗ್ರೇವಿಸ್ ಇರಲಿಲ್ಲ. ಕೆಲಸ ಮಾಡುತ್ತಾ ಹೋದಂತೆ ಸ್ನಾಯು ಸೋಲುವ ಅಪರೂಪದ ಕಾಯಿಲೆ ಅದು, ಬಿಟ್ಟುಹೋಗುವುದು ಸಹಜ. ಆದರೆ ನನಗೆ ಅದೇ ಇದೆ. ಔಷಧಿ ಇರುವ ಕಾಯಿಲೆ ಇದು. ಹೆಸರು ಗೊತ್ತಿಲ್ಲದ ಕಾರಣಕ್ಕೆ ಇನ್ನೊಬ್ಬರು ಒದ್ದಾಡಬಾರದು ಎಂದು ಬರೆಯುತ್ತಿದ್ದೇನೆ.

ನಾನು ರಾಣೆಬೆನ್ನೂರಿನಲ್ಲಿ ಬ್ಲೌಸ್ ಹೊಲಿಯುವವಳು. ಬೆಳಗ್ಗೆ ಕೈ ಚೆನ್ನಾಗಿಯೇ ಓಡುತ್ತಿತ್ತು. ಮಧ್ಯಾಹ್ನ ದಾಟಿದರೆ ಸೂಜಿ ಎರಡೆರಡಾಗಿ ಕಾಣುತ್ತಿತ್ತು. ಒಂದು ಕಣ್ಣು ಮುಚ್ಚಿಕೊಂಡರೆ ಮತ್ತೆ ಒಂದೇ. ಸಂಜೆಗೆ ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿರುತ್ತಿತ್ತು. ರಾತ್ರಿ ಜೋಳದ ರೊಟ್ಟಿ ಅಗಿದು ಅಗಿದು ದವಡೆ ಸೋತು, ಗಲ್ಲಕ್ಕೆ ಕೈ ಕೊಟ್ಟು ಊಟ ಮುಗಿಸಬೇಕಿತ್ತು. ಫೋನಿನಲ್ಲಿ ಜಾಸ್ತಿ ಮಾತಾಡಿದರೆ ದನಿ ಮೂಗಿನಿಂದ ಬರುತ್ತಿತ್ತು. ಮಲಗಿ ಎದ್ದರೆ ಎಲ್ಲ ಮೊದಲಿನಂತೆ.

ತೊಂದರೆ ಆದದ್ದೇ ಇಲ್ಲಿ. ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವುದು ಬೆಳಗ್ಗೆ ಅಲ್ವಾ? ಆಗ ನನ್ನ ರೆಪ್ಪೆ ನೆಟ್ಟಗೇ ಇರುತ್ತಿತ್ತು, ಕೈಯಲ್ಲಿ ಹಿಡಿತವೂ ಇರುತ್ತಿತ್ತು. ಕನ್ನಡಕ ಬದಲಾಯಿತು, ವಿಟಮಿನ್ ಮಾತ್ರೆ ಬಂತು, "ಸುಮ್ನೆ ಯೋಚನೆ ಮಾಡಬೇಡಿ" ಎಂಬ ಮಾತೂ ಬಂತು. ಮನೆಯಲ್ಲಿ ಕೆಲವರು ಇದು ಕೆಲಸ ತಪ್ಪಿಸುವ ನೆವ ಅಂದರು. ದುಡಿದು ತಿನ್ನುವವಳಿಗೆ ಹಾಗನ್ನಬಾರದಿತ್ತು.

ಕೊನೆಗೆ ದಾರಿ ತೋರಿಸಿದ್ದು ನನ್ನ ತಂಗಿ. ಬೆಳಗ್ಗೆ ಒಂದು, ಸಂಜೆ ಒಂದು ನನ್ನ ಮುಖದ ಫೋಟೊ ತೆಗೆದು ನರರೋಗದ ಡಾಕ್ಟರಿಗೆ ತೋರಿಸಿದಳು. ಅವರು ರೆಪ್ಪೆ ಮಿಟುಕಿಸದೆ ಮೇಲೆ ನೋಡುತ್ತಲೇ ಇರಿ ಅಂದರು. ನೋಡುತ್ತಿದ್ದಂತೆ ರೆಪ್ಪೆ ಜಾರಿತು. ಕಣ್ಣು ಮುಚ್ಚಿಸಿ ಎರಡು ನಿಮಿಷ ಮೇಲೆ ಐಸ್ ಇಟ್ಟರು. ರೆಪ್ಪೆ ಏರಿತು! ಆಮೇಲೆ ರಕ್ತ ಪರೀಕ್ಷೆ, ನರಕ್ಕೆ ಮತ್ತೆ ಮತ್ತೆ ಸಣ್ಣ ಕರೆಂಟ್ ಕೊಟ್ಟು ನೋಡುವ ಪರೀಕ್ಷೆ, ಎದೆಯ ಸ್ಕ್ಯಾನ್ ಆದವು. ಎದೆಗೂಡಿನೊಳಗಿನ ಥೈಮಸ್ ಗ್ರಂಥಿಯಲ್ಲಿ ಕೆಲವರಿಗೆ ಗೆಡ್ಡೆ ಇರುತ್ತದಂತೆ, ಅದಕ್ಕೇ ಸ್ಕ್ಯಾನ್. ನನಗೆ ಇರಲಿಲ್ಲ.

ಡಾಕ್ಟರು ಬಿಡಿಸಿ ಹೇಳಿದ್ದು ಹೀಗೆ. ನರ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಟ್ಟು ಸ್ನಾಯುವಿಗೆ ಕೆಲಸ ಹೇಳುತ್ತದೆ. ಸ್ನಾಯುವಿನ ಮೇಲೆ ಅದನ್ನು ಹಿಡಿಯುವ ಜಾಗಗಳಿವೆ. ರೋಗ ತಡೆಯಬೇಕಾದ ನಮ್ಮ ದೇಹದ ಶಕ್ತಿಯೇ ಆ ಜಾಗಗಳನ್ನು ಹಾಳು ಮಾಡುತ್ತದೆ. ಒಂದೇ ಕೆಲಸ ಮಾಡುತ್ತಾ ಹೋದಂತೆ ಸ್ನಾಯುವಿಗೆ ಸುದ್ದಿ ಸರಿಯಾಗಿ ಮುಟ್ಟುವುದಿಲ್ಲ. ವಿಶ್ರಾಂತಿ ಕೊಟ್ಟರೆ ಮತ್ತೆ ಮುಟ್ಟುತ್ತದೆ. ಇದು ಅಂಟುವ ಕಾಯಿಲೆಯಲ್ಲ. ಹರೆಯದ ಹೆಂಗಸರಲ್ಲೂ ವಯಸ್ಸಾದ ಗಂಡಸರಲ್ಲೂ ಜಾಸ್ತಿ.

1934ರಲ್ಲಿ ಇಂಗ್ಲೆಂಡಿನ ಗ್ರೀನಿಚ್‌ನಲ್ಲಿ ಮೇರಿ ವಾಕರ್ ಎಂಬ ಡಾಕ್ಟರು, ಈ ಸುಸ್ತು ಕ್ಯುರಾರೆ ವಿಷ ಏರಿದವರ ಸುಸ್ತಿನ ಹಾಗೇ ಇದೆ ಎಂದು ಗಮನಿಸಿ, ಆ ವಿಷಕ್ಕೆ ಕೊಡುವ ಮದ್ದನ್ನೇ ಕೊಟ್ಟು ನೋಡಿದರು. ರೋಗಿಗೆ ಶಕ್ತಿ ಬಂತು. ಅದೇ ಜಾತಿಯ ಪಿರಿಡೋಸ್ಟಿಗ್ಮಿನ್ ಮಾತ್ರೆಯಿಂದ ನಾನು ಇವತ್ತು ಹೊಲಿಯುತ್ತಿದ್ದೇನೆ. ಆ ತಾಯಿಗೆ ದಿನಾ ಕೈ ಮುಗಿಯುತ್ತೇನೆ. ಊಟಕ್ಕೆ ಅರ್ಧ ಗಂಟೆ ಮುಂಚೆ ತೆಗೆದುಕೊಂಡರೆ ರೊಟ್ಟಿ ಅಗಿಯಲು ಬರುತ್ತದೆ. ಮೂರ್ನಾಲ್ಕು ಗಂಟೆಗೆ ಅದರ ಬಲ ಇಳಿಯುತ್ತದೆ. ಕಾಯಿಲೆಯ ಬೇರಿಗೆ ಸ್ಟೆರಾಯ್ಡ್ ಬೇರೆ ಇದೆ.

ಇನ್ನೊಂದು ಮಾತು ಮೆಡಿಕಲ್ ಶಾಪಿನವರಿಗೆ. ಜ್ವರ, ಉರಿಮೂತ್ರ ಅಂದರೆ ಸಾಕು, ಚೀಟಿ ಇಲ್ಲದೆಯೂ ಸಿಪ್ರೊಫ್ಲಾಕ್ಸಾಸಿನ್, ಅಜಿತ್ರೊಮೈಸಿನ್‌ನಂಥ ಆಂಟಿಬಯೋಟಿಕ್ ಕೈಗೆ ಬರುತ್ತದೆ. ನಮ್ಮಂಥವರಿಗೆ ಇವುಗಳಿಂದ ಕಾಯಿಲೆ ಕೆರಳಬಹುದು. ಜೆಂಟಾಮೈಸಿನ್ ಇಂಜೆಕ್ಷನ್, ರಕ್ತನಾಳಕ್ಕೆ ಕೊಡುವ ಮೆಗ್ನೀಸಿಯಂ, ಪ್ರೊಪ್ರನೊಲಾಲ್‌ನಂಥ ಬಿಪಿ ಮಾತ್ರೆ ಕೂಡ ಹಾಗೇ. ಉಸಿರಾಡುವ ಸ್ನಾಯು ಸೋತರೆ ವೆಂಟಿಲೇಟರ್ ಬೇಕಾಗುತ್ತದೆ. ದಯವಿಟ್ಟು "ಬೇರೆ ಏನಾದ್ರೂ ಕಾಯಿಲೆ ಇದೆಯಾ, ಯಾವ ಮಾತ್ರೆ ತಗೋತೀರಿ" ಎಂದು ಕೇಳಿ ಕೊಡಿ. ನನ್ನ ಪರ್ಸಿನಲ್ಲಿ ಕಾಯಿಲೆಯ ಹೆಸರು ಬರೆದ ಕಾರ್ಡ್ ಇದೆ. ಈ ಕಾಯಿಲೆ ಇರುವ ಎಲ್ಲರೂ ಒಂದು ಇಟ್ಟುಕೊಳ್ಳಿ.

ರೆಪ್ಪೆ ಸಂಜೆಗೆ ಜಾರುತ್ತಿದ್ದರೆ, ಎಲ್ಲವೂ ಎರಡೆರಡು ಕಾಣುತ್ತಿದ್ದರೆ ಫೋಟೊ ತೆಗೆದು ನರರೋಗದ ಡಾಕ್ಟರಿಗೆ ತೋರಿಸಿ. ನುಂಗಲು, ಉಸಿರಾಡಲು ಕಷ್ಟವಾದರೆ ಮಾತ್ರ ಬೆಳಗಾಗಲಿ ಎಂದು ಕಾಯದೆ ಆಗಲೇ ದೊಡ್ಡಾಸ್ಪತ್ರೆಗೆ ಹೋಗಿ.

ಸಂಪಾದಕರೇ, ನಮ್ಮವರು ಯಾವ ಯಾವ ಔಷಧಿಗೆ ಹುಷಾರಾಗಿರಬೇಕು ಎಂದು ನರರೋಗ ತಜ್ಞರೊಬ್ಬರಿಂದ ಬರೆಸಿ ನಿಮ್ಮ ಆರೋಗ್ಯ ಪುಟದಲ್ಲಿ ಹಾಕಿಸಿ. ಕತ್ತರಿಸಿ ಕಾರ್ಡಿನ ಜೊತೆ ಇಟ್ಟುಕೊಳ್ಳುತ್ತೇನೆ.

ಇಂತಿ,
ನಿಮ್ಮ ಓದುಗಿ, ಒಬ್ಬ ಟೈಲರ್
ರಾಣೆಬೆನ್ನೂರು