ನವಿಲಿನ ಕಣ್ಣೀರಿನ ಕಥಿ ಇನ್ನ ಸಾಕು

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ವಾರ ನಮ್ಮೂರಾಗ ಮಕ್ಕಳ ಕಾರ್ಯಕ್ರಮದಾಗ ಹಿರಿಯರೊಬ್ಬರು ಮೈಕ್ ಹಿಡ್ಕೊಂಡು, ನವಿಲು ಕೂಡೋದೇ ಇಲ್ಲ, ಗಂಡಿನ ಕಣ್ಣೀರು ಕುಡದು ಹೆಣ್ಣು ತತ್ತಿ ಇಡ್ತದ ಅಂತ ಹೇಳಿದ್ರು, ಮಕ್ಕಳು ಚಪ್ಪಾಳಿ ಹೊಡದ್ವು. 2017ರಾಗ ರಾಜಸ್ಥಾನ ಹೈಕೋರ್ಟಿನ ಜಡ್ಜ್ ಒಬ್ಬರು ಇಂಥದೇ ಮಾತಾಡಿದಾಗ ದೇಶಾನೇ ನಕ್ಕಿತ್ತು, ಆದ್ರೂ ಈ ಕಥಿ ಹೋಗವಲ್ದು. ನನಗ ಭಾಳ ಸಂಕಟ ಆಯ್ತು, ಯಾಕಂದ್ರ ನಮ್ಮ ಮಕ್ಕಳು ನವಿಲು ನೋಡಿಕೋಂತನೇ ಬೆಳೀತಾವ.

ಜೂನ್‌ನಾಗ ಆಳಂದ ಕಡೆ ನಮ್ಮ ತೊಗರಿ ಹೊಲಕ್ಕ ಬರ್ರಿ, ಬೆಳಕು ಹರಿಯೋದ್ರಾಗ ಗಂಡು ಒಡ್ಡಿನ ಮ್ಯಾಲ ನಿಂತು ಗರಿ ಬಿಚ್ಚಿ ಝರ್ರ್ ಅಂತ ನಡುಗಸ್ತದ, ಹೆಣ್ಣು ಮಾತ್ರ ನೋಡಿದ್ರೂ ನೋಡದಂಗ ಕಾಳು ಹೆಕ್ಕೋಂತ ಸುತ್ತ ತಿರಗಿ, ಒಮ್ಮೊಮ್ಮೆ ಹಂಗೇ ನಡದ್ಬಿಡ್ತದ, ಮುಂದಿನ ಒಡ್ಡಿನ ಗಂಡು ನೋಡ್ಲಾಕ. ಅದು ಆರಿಸ್ಲಾಕತ್ತದರಿ. ಹಿಡಿಸಿದ್ರ ಮನಿ ಕೋಳಿ ಹುಂಜ ಕೂಡೋ ಹಂಗೇ ಕೂಡ್ತಾವ. ಕಣ್ಣೀರಿನಿಂದನೇ ಕೆಲಸ ಆಗೋದಿದ್ರ ಮಾರುದ್ದ ಬಾಲ ಯಾಕ ಬೇಕಿತ್ತು?

ಇದೇ ಬಾಲ ಡಾರ್ವಿನ್ ಸಾಹೇಬ್ರ ತಲಿನೂ ತಿಂದಿತ್ತು. ಬದುಕಿ ಉಳಿಲಾಕ ಅನುಕೂಲ ಆಗೋ ಗುಣ ಪೀಳಿಗಿಯಿಂದ ಪೀಳಿಗಿಗೆ ಹೆಚ್ಚಾಗ್ತಾವ ಅಂತ 1859ರಾಗ ಬರದ್ರು, ಅದು ನಿಸರ್ಗದ ಆಯ್ಕೆ, ಆದ್ರ ನಾಯಿ ಬೆನ್ನು ಹತ್ತಿದಾಗ ಅಡ್ಡಿ ಆಗಬಹುದು ಅನಸೋ ಬಾಲ ಹೆಂಗ ಉಳೀತು? ನವಿಲುಗರಿ ಕಂಡ್ರ ಹೊಟ್ಟಿ ತೊಳಸ್ತದ ಅಂತ 1860ರಾಗ ಅಮೆರಿಕದ ಗೆಳೆಯ ಏಸಾ ಗ್ರೇಗೆ ಕಾಗದಾನೂ ಬರದಿದ್ರು. 1871ರಾಗ ಪೂರ್ತಿ ಉತ್ತರ ಕೊಟ್ರು, ಲೈಂಗಿಕ ಆಯ್ಕೆ ಅಂತ: ಹೆಣ್ಣಿಗೆ ಹಿಡಿಸಿದ ಗಂಡಿಗೇ ಮರಿ ಜಾಸ್ತಿ, ಗಂಡು ಮರಿಗೆ ಅಪ್ಪನ ಬಾಲ. ಮುಂದ ಮಾಲ್ಟೆ ಆಂಡರ್ಸನ್ ಅನ್ನೋ ವಿಜ್ಞಾನಿ ಕೀನ್ಯಾದಾಗ ವಿಡೋಬರ್ಡ್ ಅನ್ನೋ ಉದ್ದ ಬಾಲದ ಗಂಡು ಹಕ್ಕಿಗಳಲ್ಲಿ ಕೆಲವುಗಳ ಬಾಲ ಕತ್ತರಿಸಿ, ಕೆಲವಕ್ಕ ಅಂಟಿಸಿ ಉದ್ದ ಮಾಡಿ ನೋಡಿದ್ರು, ಬಾಲ ಉದ್ದ ಆದ ಗಂಡುಗಳ ಜಾಗದಾಗೇ ಹೆಣ್ಣುಗಳ ಗೂಡು ಹೆಚ್ಚಾದ್ವು. ಅದು 1982ರಾಗ ಪ್ರಕಟ ಆಯ್ತು.

ಇನ್ನ ಹೆಣ್ಣಿನ ಬಣ್ಣ. ಹೋದ ವರ್ಷ ಆಗಸ್ಟ್‌ನಾಗ ಒಡ್ಡಿನ ಪೊದಿ ಹತ್ರ ಕಸ ತೆಗೀಲಾಕ ಬಗ್ಗಿದ್ದೆ, ಕೈಯಳತಿದಾಗೇ ಹೆಣ್ಣು ಕುಂತಿತ್ತು, ಬುರ್ರ್ ಅಂತ ಹಾರೋ ತನಕ ಒಣ ಎಲಿ ಅಂತನೇ ತಿಳದಿದ್ದೆ, ಕೆಳಗ ನಾಲ್ಕು ತತ್ತಿ. ನೆಲದ ಮ್ಯಾಲ ಕಾವು ಕೊಡೋ ಹಕ್ಕಿಗೆ ಗಂಡಿನ ಬಣ್ಣ ಇದ್ದಿದ್ರ ನರಿ ಎಂದೋ ಒಯ್ದಿರ್ತಿತ್ತು. ಒಂದೇ ಜಾತಿ, ಗಂಡಿನ ಮೈ ಮ್ಯಾಲ ಲೈಂಗಿಕ ಆಯ್ಕೆ ಕಾಣ್ತದ, ಹೆಣ್ಣಿನ ಮೈ ಮ್ಯಾಲ ನಿಸರ್ಗದ ಆಯ್ಕೆ.

ನಿಮ್ಮ ಮಕ್ಕಳ ಪುಟದಾಗ ಒಮ್ಮೆ ಇದನ್ನ ಹಾಕ್ರಿ, ಫೋಟೋ ಗಂಡಿಂದಷ್ಟೇ ಬ್ಯಾಡ, ಹೆಣ್ಣಿಂದೂ ಇರ್ಲಿ. ಮಳಿಗಾಲಕ್ಕ ಮುಂಚೆ ಬಂದ್ರ ಮಕ್ಕಳು ಹೊಲಕ್ಕ ಹೋಗಿ ತಾವೇ ನೋಡ್ತಾವ.

ತೊಗರಿ ಬೆಳೆಗಾರ, ಆಳಂದ ತಾಲ್ಲೂಕು, ಕಲಬುರಗಿ