ಆಪರೇಷನ್ ಬಗ್ಗೆ ನೀನು ಕೇಳಿದ್ದಕ್ಕೆ

ಪುಟ್ಟಿ,

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳಲಾ ಅಂತ ಕೇಳಿದ್ದೀಯ. ಹಾಸ್ಟೆಲ್ ಫೋನಿನಲ್ಲಿ ಗಡಿಬಿಡಿಯಲ್ಲಿ ಆಡಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ. ನಿಧಾನವಾಗಿ ಓದು.

ಅಪ್ಪನಿಗೂ ನನಗೂ ಒಪ್ಪಿಗೆ ಇದೆ. ಅದು ನಿನ್ನ ಸಕ್ಕರೆ ಕಾಯಿಲೆಗಾಗಿ. ಕಳೆದ ವರ್ಷ ನಿನಗೆ ಟೈಪ್ 2 ಡಯಾಬಿಟಿಸ್ ಅಂತ ಗೊತ್ತಾದಾಗ ಅಜ್ಜಿ, "ಇದು ನಮ್ಮಂಥ ಮುದುಕರಿಗೆ ಬರೋದಲ್ವಾ" ಅಂದಿದ್ದರು. ಚಿಕ್ಕ ವಯಸ್ಸಿನಲ್ಲಿ ಬಂದರೆ ಅದು ಇನ್ನೂ ಜೋರಾಗಿ ಮುಂದುವರಿಯುತ್ತದೆ. ಅಮೆರಿಕದಲ್ಲಿ 'ಟುಡೇ' ಅನ್ನುವ ಅಧ್ಯಯನ ಇಂಥ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿತು. 2021ರಲ್ಲಿ ಅದರ ವರದಿ ಬಂತು. ಅವರ ಸರಾಸರಿ ವಯಸ್ಸು 26 ಆಗುವ ಹೊತ್ತಿಗೆ 100ರಲ್ಲಿ 60 ಜನಕ್ಕೆ ಕಣ್ಣು, ಕಿಡ್ನಿ ಅಥವಾ ನರದ ತೊಂದರೆ ಶುರುವಾಗಿತ್ತು. ಹೆದರಿಸಲು ಹೇಳುತ್ತಿಲ್ಲ ಕಂದ. ನಿನ್ನ ರಕ್ತದ ರಿಪೋರ್ಟ್ ಬಂದಾಗಲೆಲ್ಲ ನಾನು ಡಾಕ್ಟರನ್ನು ಯಾಕೆ ಅಷ್ಟು ಕೇಳುತ್ತೇನೆ ಅಂತ ನಿನಗೆ ಗೊತ್ತಿರಲಿ.

ಬೇರೆ ಕಾರಣಕ್ಕಾದರೆ ನನ್ನ ಒಪ್ಪಿಗೆ ಇಲ್ಲ. ಮದುವೆಮನೆಯಲ್ಲಿ ಒಬ್ಬರು ನಿನ್ನ ಎದುರಿಗೇ, "ಹೆಣ್ಣುಮಗು, ಈಗಲೇ ಇಳಿಸಿಬಿಡಿ, ಆಮೇಲೆ ಗಂಡು ಹುಡುಕೋದು ಕಷ್ಟ" ಅಂದರು. ಆ ಮಾತಿಗೋಸ್ಕರ ಯಾರ ಹೊಟ್ಟೆಯನ್ನೂ ಕುಯ್ಯಬಾರದು.

ಇನ್ನೊಂದು. "ಬಾಯಿ ಕಟ್ಟಿದರೆ ಸಾಕಿತ್ತು" ಅನ್ನುವವರನ್ನು ನಂಬಬೇಡ. ನೀನು ಎಷ್ಟು ಕಷ್ಟಪಟ್ಟೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಅನ್ನ ಕಡಿಮೆ ಮಾಡಿದೆ, ಮಳೆಯಲ್ಲೂ ಕೊಡೆ ಹಿಡಿದು ನಡೆದೆ. ಇಳಿದ ತೂಕ ಮತ್ತೆ ಏರಿತು. ತೂಕ ಇಳಿದಾಗ ದೇಹ ಸುಮ್ಮನಿರುವುದಿಲ್ಲ. ಹಸಿವಿನ ಹಾರ್ಮೋನು ಜಾಸ್ತಿಯಾಗುತ್ತದೆ, ದೇಹ ಖರ್ಚು ಮಾಡುವ ಶಕ್ತಿ ಕಡಿಮೆಯಾಗುತ್ತದೆ. ಅದರ ಮೇಲೆ ವಂಶದಿಂದ ಬರುವುದು ಬೇರೆ ಇದೆ. ಇದು ಸೋಮಾರಿತನ ಅಲ್ಲ.

ಈಗ ಆಪರೇಷನ್ ವಿಷಯ. ಡಾಕ್ಟರ್ ಹೇಳಿದ್ದು ಸ್ಲೀವ್ ಅನ್ನುವ ಬಗೆ. ಹೊಟ್ಟೆಯ ಮೇಲೆ ಸಣ್ಣ ತೂತುಗಳನ್ನು ಮಾಡಿ, ಜಠರದ ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಕಾಯಿಯ ಹಾಗೆ ಉದ್ದನೆಯ ಕೊಳವೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಬಹುಪಾಲು ತಯಾರಾಗುವುದು ತೆಗೆದುಹಾಕುವ ಆ ಭಾಗದಲ್ಲೇ. ಅದಕ್ಕೇ ಹಸಿವೂ ತಗ್ಗುತ್ತದೆ. ಆದರೆ ತೆಗೆದದ್ದನ್ನು ಮತ್ತೆ ಜೋಡಿಸಲು ಆಗುವುದಿಲ್ಲ. ಇದನ್ನು ಇನ್ನೊಂದು ಸಲ ಓದು.

ಹದಿನಾರಕ್ಕೆ ಇದೆಲ್ಲ ಯಾಕೆ ಅಂತ ಕೇಳುವವರು ಇದ್ದಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2023ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಬೊಜ್ಜು ತೀವ್ರವಾಗಿದ್ದರೆ 13 ವರ್ಷದಿಂದಲೇ ಇದು ಸೂಕ್ತವೋ ಅಂತ ತಜ್ಞರ ಹತ್ತಿರ ನೋಡಿಸಬೇಕು ಅಂದಿದೆ. ಅಲ್ಲಿನ 'ಟೀನ್ ಲ್ಯಾಬ್ಸ್' ಅಧ್ಯಯನದಲ್ಲಿ ಹದಿಹರೆಯದಲ್ಲಿ ಆಪರೇಷನ್ ಆದವರನ್ನು ಹತ್ತು ವರ್ಷ ಗಮನಿಸಿದ್ದಾರೆ. ಹತ್ತು ವರ್ಷದ ನಂತರವೂ ಸರಾಸರಿ 20 ಶೇಕಡಾ ತೂಕ ಇಳಿದೇ ಇತ್ತು. ಡಯಾಬಿಟಿಸ್ ಇದ್ದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನಕ್ಕೆ ಮಾತ್ರೆ ಇಲ್ಲದೆಯೇ ಸಕ್ಕರೆ ಹತೋಟಿಯಲ್ಲಿತ್ತು. ತೂಕದ ಲೆಕ್ಕದಲ್ಲಿ ಹೇಳುವುದಾದರೆ, 100 ಕೆಜಿ ಇದ್ದವರು ಸುಮಾರು 80ಕ್ಕೆ ಬಂದು ನಿಂತರು. ನೀನು ಮೊಬೈಲಿನಲ್ಲಿ ನೋಡುವ 'ಮೊದಲು, ಆಮೇಲೆ' ಫೋಟೋಗಳ ಹಾಗೆ ಎಲ್ಲರಿಗೂ ಆಗುವುದಿಲ್ಲ. ಅಷ್ಟು ಇಳಿದರೆ ನಿನಗೆ ಸಾಕಾ? ನಿನ್ನ ಸಕ್ಕರೆಗೆ, ನಿದ್ದೆಯಲ್ಲಿ ಉಸಿರು ಕಟ್ಟುವುದಕ್ಕೆ ಅದು ದೊಡ್ಡ ಲಾಭ. ಕನ್ನಡಿಯಲ್ಲಿ ನೋಡಿಕೊಂಡಾಗ ನಿನಗೆ ಏನನ್ನಿಸುತ್ತದೆ, ಅದನ್ನು ನೀನೇ ಹೇಳಬೇಕು.

ಚಿಕ್ಕಪ್ಪ ಒಂದು ಮಾತು ಹೇಳಿದರು. 18 ತುಂಬುವ ತನಕ ಕಾಯಿರಿ, ಆಗ ಇನ್ಶೂರೆನ್ಸ್ ಸಿಗುತ್ತದೆ ಅಂತ. ಅವರು ಹೇಳಿದ್ದು ಸರಿಯೇ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಮಾಡಿದ ನಿಯಮದಲ್ಲಿ, ಬೊಜ್ಜಿನ ಆಪರೇಷನ್‌ಗೆ ವಿಮೆ ಸಿಗಬೇಕಾದರೆ 18 ವರ್ಷ ಆಗಿರಬೇಕು ಅಂತಲೇ ಇದೆ. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಕಾಯಿಲೆ ಬರುವುದಕ್ಕೆ ಇಲ್ಲದ ವಯಸ್ಸಿನ ಲೆಕ್ಕ ಚಿಕಿತ್ಸೆಗೆ ಯಾಕೆ? ಅದೇ ಟೀನ್ ಲ್ಯಾಬ್ಸ್‌ನವರು 2019ರಲ್ಲಿ ಇನ್ನೊಂದು ಹೋಲಿಕೆ ಪ್ರಕಟಿಸಿದ್ದರು, ಅದು ಸ್ಲೀವ್ ಅಲ್ಲ, ಗ್ಯಾಸ್ಟ್ರಿಕ್ ಬೈಪಾಸ್ ಅನ್ನುವ ಇನ್ನೊಂದು ಬಗೆಯ ಆಪರೇಷನ್ ಆದವರದು. ಐದು ವರ್ಷದ ನಂತರ ನೋಡಿದಾಗ, ಹದಿಹರೆಯದಲ್ಲಿ ಮಾಡಿಸಿಕೊಂಡವರಲ್ಲಿ 86 ಶೇಕಡಾ ಜನಕ್ಕೆ ಡಯಾಬಿಟಿಸ್ ಹಿಮ್ಮೆಟ್ಟಿತ್ತು. ದೊಡ್ಡವರಾದ ಮೇಲೆ ಮಾಡಿಸಿಕೊಂಡವರಲ್ಲಿ 53 ಮಾತ್ರ. ಕಾಯಿಲೆ ಹಳೆಯದಾದಷ್ಟೂ ಜಗ್ಗುವುದು ಕಷ್ಟ. ಹಾಗಾಗಿ ದುಡ್ಡಿನ ಲೆಕ್ಕ ಹಾಕಿ ನೀನು ಕಾಯುವುದು ಬೇಡ. ಈ ಸಲದ ಅಡಿಕೆ ದುಡ್ಡಿದೆ, ಸೊಸೈಟಿಯಲ್ಲಿ ಸ್ವಲ್ಪ ಇದೆ. ಅದು ನಮ್ಮ ಚಿಂತೆ. ನಿನಗೇ ಇನ್ನೂ ಸಮಯ ಬೇಕು ಅನ್ನಿಸಿದರೆ ಆ ಮಾತು ಬೇರೆ.

ಆಪರೇಷನ್ ಒಂದು ದಿನದ್ದು. ಆಮೇಲಿನದು ಜೀವನಪೂರ್ತಿ. ನನಗೆ ಹೆಚ್ಚು ಯೋಚನೆ ಇರುವುದು ಅದರದ್ದೇ.

ಮೊದಲ ವಾರಗಳಲ್ಲಿ ಬರೀ ನೀರಾದ ಆಹಾರ. ಮಜ್ಜಿಗೆ, ಹೆಸರುಬೇಳೆ ಕಟ್ಟು, ತೆಳ್ಳಗಿನ ಗಂಜಿ, ತಂಬುಳಿ. ಅದೂ ಗುಟುಕು ಗುಟುಕಾಗಿ. ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು. ಮುಂದೆ ಎಲ್ಲವನ್ನೂ ತಿನ್ನಬಹುದು, ಆದರೆ ಒಂದು ಇಡ್ಲಿಗೇ ಹೊಟ್ಟೆ ತುಂಬಬಹುದು. ಊಟದ ಜೊತೆ ನೀರು ಕುಡಿಯುವ ಹಾಗಿಲ್ಲ, ಸುಮಾರು ಅರ್ಧ ಗಂಟೆ ಬಿಡಬೇಕು. ದಿನಕ್ಕೆ ಕಡಿಮೆ ಅಂದರೂ 60 ಗ್ರಾಂ ಪ್ರೋಟೀನ್ ಬೇಕು. ನಮ್ಮಂಥ ಸಸ್ಯಾಹಾರಿ ಮನೆಯಲ್ಲಿ ಅಷ್ಟು ಪುಟ್ಟ ಹೊಟ್ಟೆಗೆ ಇದು ಸುಲಭ ಅಲ್ಲ. ಪನೀರು, ಗಟ್ಟಿ ಮೊಸರು, ಮೊಳಕೆ ಕಾಳು, ಬೇಕಾದರೆ ಪ್ರೋಟೀನ್ ಪುಡಿ. ನಿನ್ನ ಹಾಸ್ಟೆಲ್ ಮೆಸ್ಸಿನಲ್ಲಿ ಇದು ನಡೆಯುವುದಿಲ್ಲ. ಅದಕ್ಕೇ ಮೊದಲ ಪಿಯು ಪರೀಕ್ಷೆ ಮುಗಿದ ಮೇಲೆ, ರಜೆಯಲ್ಲಿ, ಮನೆಯಲ್ಲಿ ನಾನಿರುವಾಗಲೇ ಆಗಲಿ ಅನ್ನುತ್ತಿರುವುದು. ಎರಡನೇ ಪಿಯುಗೆ ಅಲ್ಲೇ ರೂಮು ಮಾಡೋಣ, ನಾನೂ ಬಂದು ಇರುತ್ತೇನೆ.

ಮಾತ್ರೆಗಳು ಯಾವತ್ತೂ ನಿಲ್ಲುವುದಿಲ್ಲ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ. ಟೀನ್ ಲ್ಯಾಬ್ಸ್‌ನಲ್ಲಿ ಮೂರು ವರ್ಷಕ್ಕೆ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ದೇಹದಲ್ಲಿ ಕಬ್ಬಿಣದ ಸಂಗ್ರಹ ಕಡಿಮೆಯಾಗಿತ್ತು. 100ರಲ್ಲಿ 13 ಮಕ್ಕಳಿಗೆ ಹೊಟ್ಟೆಗೆ ಮತ್ತೆ ಏನಾದರೂ ಆಪರೇಷನ್ ಬೇಕಾಗಿತ್ತು. ಮೊದಲ ತಿಂಗಳುಗಳಲ್ಲಿ ಕೂದಲು ಉದುರುತ್ತದೆ, ಸಾಮಾನ್ಯವಾಗಿ ಮತ್ತೆ ಬರುತ್ತದೆ. ಚರ್ಮ ಜೋಲಬಹುದು. ಮುಟ್ಟಿನ ನೋವಿಗೆ ಐಬುಪ್ರೊಫೆನ್‌ನಂಥ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನುಂಗುವ ಹಾಗಿಲ್ಲ. ಆಪರೇಷನ್ ಆಗಿ ಒಂದೂವರೆ ವರ್ಷದ ತನಕ ಗರ್ಭಿಣಿ ಆಗಬಾರದು ಅಂತಲೂ ಡಾಕ್ಟರ್ ಹೇಳುತ್ತಾರೆ. ನಿನ್ನ ವಯಸ್ಸಿನ ಹುಡುಗಿಯರಿಗೆಲ್ಲ ಹೇಳುವ ಮಾತು ಅದು, ಮುಜುಗರ ಪಡಬೇಡ.

ಮನಸ್ಸಿನ ವಿಷಯ ಕೊನೆಗೆ ಇಟ್ಟಿದ್ದೇನೆ, ಚಿಕ್ಕದು ಅಂತ ಅಲ್ಲ. ಸ್ವೀಡನ್ನಿನಲ್ಲಿ ಬೈಪಾಸ್ ಬಗೆಯ ಆಪರೇಷನ್ ಆದ 81 ಮಕ್ಕಳನ್ನು ಐದು ವರ್ಷ ಗಮನಿಸಿದಾಗ, ತಮ್ಮ ಬಗ್ಗೆ ಅವರಿಗಿದ್ದ ಅಭಿಪ್ರಾಯ ಸ್ವಲ್ಪ ಸುಧಾರಿಸಿತ್ತು. ಆದರೆ ಮನಸ್ಸಿನ ತೊಂದರೆಗೆ ಚಿಕಿತ್ಸೆ ಬೇಕಾದವರ ಸಂಖ್ಯೆ ಕಡಿಮೆಯಾಗಿರಲಿಲ್ಲ. ರಾತ್ರಿ ಒಬ್ಬಳೇ ಅಳುತ್ತೀಯಲ್ಲ, ಅದು ಹೊಟ್ಟೆ ಚಿಕ್ಕದಾದ ಮಾತ್ರಕ್ಕೆ ನಿಲ್ಲುತ್ತದೆ ಅಂತ ಅಂದುಕೊಳ್ಳಬೇಡ. ಕೌನ್ಸೆಲರ್ ಹತ್ತಿರ ಹೋಗುವುದನ್ನು ಈಗಲೇ ಶುರು ಮಾಡೋಣ. ಆಪರೇಷನ್ ಆಗಲಿ, ಬಿಡಲಿ.

ವಾರಕ್ಕೊಮ್ಮೆ ಕೊಡುವ ಸೆಮಾಗ್ಲುಟೈಡ್ ಇಂಜೆಕ್ಷನ್ ಬಗ್ಗೆಯೂ ಕೇಳಿದ್ದೀಯ. ಅಮೆರಿಕದಲ್ಲಿ 2022ರ ಕೊನೆಗೆ 12 ವರ್ಷದ ಮೇಲಿನವರಿಗೆ ಅದಕ್ಕೆ ಅನುಮತಿ ಸಿಕ್ಕಿತು. ತೂಕ ಚೆನ್ನಾಗಿಯೇ ಇಳಿಯುತ್ತದೆ, ನಿಲ್ಲಿಸಿದರೆ ಬಹಳಷ್ಟು ವಾಪಸ್ ಬರುತ್ತದೆ. ಅದನ್ನು ಮೊದಲು ನೋಡುವುದಾ ಅಂತ ಡಾಕ್ಟರನ್ನು ನೀನೇ ಕೇಳು.

ಕಾನೂನಿನ ಪ್ರಕಾರ ಕಾಗದಕ್ಕೆ ಸಹಿ ಹಾಕುವವರು ನಾವು. ಆದರೆ ನಿನ್ನ ಬಾಯಿಂದ ಹೂಂ ಬರದೆ ಅಪ್ಪ ಪೆನ್ನು ಮುಟ್ಟುವುದಿಲ್ಲ, ನಾನೂ ಮುಟ್ಟುವುದಿಲ್ಲ. ಆಪರೇಷನ್ ಥಿಯೇಟರಿನ ಬಾಗಿಲ ತನಕ ಹೋಗಿ ಬೇಡ ಅಂದರೂ ವಾಪಸ್ ಬರೋಣ, ಯಾರೂ ಏನೂ ಅನ್ನುವುದಿಲ್ಲ.

ಮುಂದಿನ ಸಲ ಬೆಂಗಳೂರಿಗೆ ಹೋದಾಗ ಡಾಕ್ಟರ್ ಹತ್ತಿರ ನೀನೊಬ್ಬಳೇ ಸ್ವಲ್ಪ ಹೊತ್ತು ಮಾತಾಡಬೇಕು ಅಂತ ನಾನು ಹೇಳಿಟ್ಟಿದ್ದೇನೆ. ನನ್ನ ಮುಂದೆ ಕೇಳಲಾಗದ್ದನ್ನು ಆಗ ಕೇಳು. ಪ್ರಶ್ನೆಗಳನ್ನು ಬರೆದಿಟ್ಟುಕೋ. ಅವರು ಎಷ್ಟು ಮಕ್ಕಳಿಗೆ ಈ ಆಪರೇಷನ್ ಮಾಡಿದ್ದಾರೆ, ಆಮೇಲೆ ಎಷ್ಟು ವರ್ಷ ನೋಡಿಕೊಂಡಿದ್ದಾರೆ, ಇವೆರಡನ್ನು ಮಾತ್ರ ನಾನೇ ಕೇಳುತ್ತೇನೆ.

ನಿನ್ನ
ಅಮ್ಮ